ಕಬ್ಬಿನ ಸೀಮೆಯಲ್ಲಿ ಇನ್ಸುಲಿನ್

ಘಟಪ್ರಭೆ, ಕೃಷ್ಣೆಯರ ನಡುವಿನ ಈ ಸೀಮೆಯಲ್ಲಿ ಮಗುವೊಂದಕ್ಕೆ ಟೈಪ್ 1 ಮಧುಮೇಹ ಎಂದು ಗೊತ್ತಾದರೆ, ನೋಡಲು ಬಂದ ಬೀಗರು ನೆಂಟರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಸಣ್ಣಾಂವ ಇದ್ದಾಗಿಂದ ಬೆಲ್ಲ ಭಾಳ ತಿಂತಿದ್ದ ನೋಡ್ರಿ, ಅದಕ್ಕ ಹಿಂಗಾತು.’ ತಾಯಿ ತಲೆ ತಗ್ಗಿಸುತ್ತಾಳೆ. ಮಗ್ಗುಲಲ್ಲೇ ಕೂತ ಹುಡುಗ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಮುಂದಿನ ಹತ್ತು ವರ್ಷಗಳಲ್ಲಿ ಅವನಿಗೆ ಅಂಟಿಕೊಳ್ಳುವ ಕೆಟ್ಟ ರೂಢಿಗಳಲ್ಲಿ ಬಹುಪಾಲು ಹುಟ್ಟುವುದು ಈ ಮಾತಿನಿಂದಲೇ ಎಂಬುದು ನನ್ನ ನಂಬಿಕೆ.

ಮಾತು ಸುಳ್ಳು ಎನ್ನಲು ಊರ ಸುತ್ತ ಒಮ್ಮೆ ನೋಡಿದರೂ ಸಾಕು. ಮಹಾಲಿಂಗಪುರದ ಬೆಲ್ಲದ ಪೇಟೆ, ಸಮೀರವಾಡಿಯ ಸಕ್ಕರೆ ಕಾರ್ಖಾನೆ, ಚಳಿಗಾಲವಿಡೀ ರಸ್ತೆ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಹಿಂದಿನಿಂದ ಓಡಿ ಒಂದು ಗಳ ಕಿತ್ತುಕೊಂಡು ತಿನ್ನದ ಹುಡುಗರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಸಿಗಲಿಕ್ಕಿಲ್ಲ. ಸಿಹಿ ತಿಂದು ಬರುವ ಕಾಯಿಲೆ ಇದಾಗಿದ್ದರೆ ಪ್ರತಿ ಓಣಿಯಲ್ಲೂ ಹತ್ತು ಮಕ್ಕಳಿಗೆ ಬರಬೇಕಿತ್ತು. 1995ರಿಂದ 2008ರವರೆಗೆ ನಡೆದ ಕರ್ನಾಟಕದ ಮಧುಮೇಹ ನೋಂದಣಿಯ ಲೆಕ್ಕ ಬೇರೆಯೇ ಹೇಳುತ್ತದೆ: ವರ್ಷಕ್ಕೆ ಒಂದು ಲಕ್ಷ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4. ಅಂದರೆ ಇದು ಅಪರೂಪದ ಕಾಯಿಲೆ. ಒಂದು ಶಾಲೆಯಲ್ಲಿ ಒಬ್ಬರಿದ್ದರೆ ಇದ್ದರು, ಎಷ್ಟೋ ಶಾಲೆಗಳಲ್ಲಿ ಅದೂ ಇಲ್ಲ. ತನ್ನಂಥ ಇನ್ನೊಬ್ಬನನ್ನು ಕಾಣದೆಯೇ ಹುಡುಗ ಬೆಳೆದು ದೊಡ್ಡವನಾಗುತ್ತಾನೆ. ಈ ಒಂಟಿತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಜಠರದ ಹಿಂಬದಿಯಲ್ಲಿ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ರೋಗಾಣುಗಳನ್ನು ಹುಡುಕಿ ಕೊಲ್ಲಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ಈ ಕೋಶಗಳನ್ನು ಹೊರಗಿನವೆಂದು ತಿಳಿದು ನಾಶ ಮಾಡುತ್ತ ಹೋಗುತ್ತದೆ. ಇದು ರಾತ್ರಿ ಬೆಳಗಾಗುವುದರೊಳಗೆ ಆಗುವಂಥದ್ದಲ್ಲ ಎಂದು ತೋರಿಸಿಕೊಟ್ಟವರಲ್ಲಿ ಒಬ್ಬರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ವೈದ್ಯ ಎಸ್.ಎಸ್. ಶ್ರೀಕಾಂತ. ಅವರು ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರದಲ್ಲಿ ಜಾರ್ಜ್ ಐಸೆನ್‌ಬಾರ್ತ್ ಮತ್ತಿತರರೊಂದಿಗೆ ನಡೆಸಿದ ಅಧ್ಯಯನ 1983ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಅಚ್ಚಾಯಿತು. ಏಕರೂಪದ ತ್ರಿವಳಿಗಳು ಮತ್ತು ಅವಳಿಗಳಲ್ಲಿ ಒಬ್ಬರಿಗೆ ಮಧುಮೇಹ ಬಂದಿತ್ತು, ಒಡಹುಟ್ಟಿದವರು ಆರೋಗ್ಯವಾಗಿದ್ದರು. ಆ ಆರೋಗ್ಯವಂತರ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋದಾಗ, ಮುಂದೆ ಕಾಯಿಲೆ ಕಾಣಿಸಿಕೊಂಡವರಲ್ಲಿ ಅದಕ್ಕೆ ಬಹಳ ಮೊದಲೇ ಬೀಟಾ ಕೋಶಗಳ ವಿರುದ್ಧದ ಪ್ರತಿಕಾಯಗಳು ಇದ್ದವೆಂದೂ, ಇನ್ಸುಲಿನ್ ಸ್ರವಿಸುವ ಶಕ್ತಿ ಮೆಲ್ಲಮೆಲ್ಲನೆ ಇಳಿಯುತ್ತಿತ್ತೆಂದೂ ತಿಳಿಯಿತು. ಶ್ರೀಕಾಂತ ಭಾರತಕ್ಕೆ ಮರಳಿ ‘ಸಮತ್ವಂ’ ಸಂಸ್ಥೆಯ ಮೂಲಕ ಮಧುಮೇಹವಿರುವ ಮಕ್ಕಳ ಆರೈಕೆಗೆ ತೊಡಗಿಕೊಂಡರು.

ಹಾಗಾದರೆ ಹುಡುಗ ಹೋದ ವರ್ಷದ ಪಂಚಮಿಯಲ್ಲಿ ಎಷ್ಟು ಉಂಡಿ ತಿಂದ ಎಂಬುದಕ್ಕೂ ಅವನ ಕಾಯಿಲೆಗೂ ಸಂಬಂಧವಿಲ್ಲ. ಅವನು ಉಂಡಿ ತಿನ್ನುವ ಹೊತ್ತಿಗಾಗಲೇ ಒಳಗಿನ ಕದನ ಶುರುವಾಗಿ ಎಷ್ಟೋ ತಿಂಗಳು, ಬಹುಶಃ ವರ್ಷಗಳೇ ಆಗಿದ್ದವು. ತಾಯಿಯದಾಗಲಿ ಮಗನದಾಗಲಿ ತಪ್ಪೇನೂ ಇಲ್ಲ. ಇದನ್ನು ಮನೆಯ ಹಿರಿಯರ ಎದುರು ವೈದ್ಯರು ಗಟ್ಟಿಯಾಗಿ, ಒಂದಕ್ಕಿಂತ ಹೆಚ್ಚು ಸಲ ಹೇಳಬೇಕು. ಇನ್ಸುಲಿನ್ ಚೀಟಿ ಬರೆದುಕೊಡುವಷ್ಟೇ ಮುಖ್ಯವಾದ ಚಿಕಿತ್ಸೆ ಇದು.

ಇನ್ಸುಲಿನ್ ಇಲ್ಲದೆ ಈ ಮಕ್ಕಳು ಬದುಕುವುದಿಲ್ಲ ಎಂಬ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಇನ್ಸುಲಿನ್ ಇಲ್ಲದಿದ್ದರೆ ರಕ್ತದ ಸಕ್ಕರೆ ಕೋಶದೊಳಗೆ ಹೋಗದು. ದೇಹ ಕೊಬ್ಬನ್ನೇ ಕರಗಿಸಿ ಉರಿಸಲು ತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನುಗಳು ರಕ್ತವನ್ನು ಹುಳಿಯಾಗಿಸುತ್ತವೆ. ವಾಂತಿ, ಹೊಟ್ಟೆನೋವು, ಜೋರು ಉಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ, ಆಮೇಲೆ ಎಚ್ಚರ ತಪ್ಪುವುದು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಹೆಚ್ಚು ಉಳಿಸಿಕೊಳ್ಳುವುದಷ್ಟೇ ವೈದ್ಯರ ಕೈಲಿತ್ತು. ‘ಬೇರು ಕೊಡ್ತೀವಿ, ಸೂಜಿ ಬಿಟ್ಟುಬಿಡ್ರಿ’ ಎನ್ನುವವರ ಮಾತು ಕೇಳಿ ಇನ್ಸುಲಿನ್ ನಿಲ್ಲಿಸುವುದೆಂದರೆ ಮಗುವನ್ನು 1922ಕ್ಕಿಂತ ಹಿಂದಕ್ಕೆ ಕಳಿಸುವುದು. ಅದನ್ನು ಯಾವ ಕಾರಣಕ್ಕೂ ಮಾಡಕೂಡದು.

ಈಗ ರೂಢಿಗಳ ವಿಷಯ. ಬನಹಟ್ಟಿಯ ನೇಕಾರರ ಮನೆಯ ಹದಿನೇಳರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮನೆಯೊಳಗೇ ಪವರ್‌ಲೂಮು, ಬೆಳಗಾದರೆ ಅದರ ಸದ್ದು. ಮುಂಜಾನೆಯ ಇನ್ಸುಲಿನ್ ಅವ್ವನ ಕಣ್ಣೆದುರೇ ಆಗುತ್ತದೆ. ಬಸ್ಸು ಹಿಡಿದು ಜಮಖಂಡಿಯ ಕಾಲೇಜಿಗೆ ಹೋಗುತ್ತಾನೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ತೆಗೆದುಕೊಳ್ಳಬೇಕಾದ ಡೋಸು ಬ್ಯಾಗಿನಲ್ಲೇ ಉಳಿಯುತ್ತದೆ. ಹತ್ತು ಜನರ ನಡುವೆ ಅಂಗಿ ಎತ್ತಿ ಚುಚ್ಚಿಕೊಳ್ಳಲು ನಾಚಿಕೆ. ಸಂಜೆ ಗೆಳೆಯರ ಜೊತೆ ಮಿರ್ಚಿ ಭಜಿ, ಮೇಲೆ ಎರಡು ಚಾ. ರಾತ್ರಿ ರಕ್ತದ ಸಕ್ಕರೆ ಅಳೆಯುವ ಮೀಟರು 340 ತೋರಿಸಿದಾಗ ಗಾಬರಿಯಾಗಿ ಇನ್ಸುಲಿನ್ ಹೆಚ್ಚು ಹಾಕಿಕೊಳ್ಳುತ್ತಾನೆ. ನಡುರಾತ್ರಿ ಮೈಯೆಲ್ಲ ಬೆವೆತು ಕೈನಡುಗಿ ಎಚ್ಚರವಾಗುತ್ತದೆ, ಅಡುಗೆಮನೆಗೆ ಹೋಗಿ ಡಬ್ಬಿಯಲ್ಲಿದ್ದ ಶೇಂಗಾ ಉಂಡಿ ಒಂದಾದ ಮೇಲೊಂದು ತಿನ್ನುತ್ತಾನೆ. ಬೆಳಗ್ಗೆ ಮತ್ತೆ 290. ‘ರಾತ್ರಿ ಏನ್ ತಿಂದಿ?’ ಎಂದು ಅವ್ವ ಕೇಳಿದರೆ ‘ಏನೂ ಇಲ್ಲಬೇ’ ಎನ್ನುತ್ತಾನೆ. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಕೂತು ನೋಟುಬುಕ್ಕು ತುಂಬಿಸುತ್ತಾನೆ: 120, 130, 110, 140. ಮೂರು ತಿಂಗಳ ಅಂಕಿಗಳೆಲ್ಲ ಒಂದೇ ಪೆನ್ನಿನ ಶಾಯಿಯಲ್ಲಿ, ಎಲ್ಲವೂ ಸೊನ್ನೆಯಲ್ಲೇ ಮುಗಿಯುವಂಥವು. ಮಕ್ಕಳ ಮಧುಮೇಹ ನೋಡುವ ವೈದ್ಯರಿಗೆ ಇಂಥ ಪುಟಗಳ ಪರಿಚಯ ಚೆನ್ನಾಗಿಯೇ ಇರುತ್ತದೆ.

ಈ ದಿನಚರಿಯಲ್ಲಿ ಎಷ್ಟು ಕೆಟ್ಟ ರೂಢಿಗಳಿವೆ ಎಂದು ಕೇಳಿದರೆ ಹೆಚ್ಚಿನವರ ಬೆರಳು ಭಜಿ, ಚಾ, ಉಂಡಿಗಳತ್ತ ಹೋಗುತ್ತದೆ. ನನ್ನ ಕಣ್ಣಿಗೆ ಬೀಳುವುದು ಒಂದೇ ರೂಢಿ, ಬಚ್ಚಿಡುವುದು. ಮಧ್ಯಾಹ್ನದ ಸೂಜಿ ಗೆಳೆಯರಿಂದ ಬಚ್ಚಿಟ್ಟದ್ದು, ರಾತ್ರಿಯ ಉಂಡಿ ಅವ್ವನಿಂದ ಬಚ್ಚಿಟ್ಟದ್ದು, ಅಂಕಿಗಳು ವೈದ್ಯರಿಂದ ಬಚ್ಚಿಟ್ಟದ್ದು. ಉಳಿದವೆಲ್ಲ ಅದರ ಬೆನ್ನಿಗೆ ಬಂದಂಥವು. ಮೊದಲ ವಾರ ಕೇಳಿದ ‘ಬೆಲ್ಲ ತಿಂದದ್ದಕ್ಕ ಹಿಂಗಾತು’ ಎಂಬ ಮಾತು ಅವನಿಗೆ ಕಲಿಸಿದ್ದು ಇಷ್ಟೇ: ಸಕ್ಕರೆ ಏರಿದರೆ ತಾನು ತಪ್ಪಿತಸ್ಥ. ತಪ್ಪು ಮಾಡಿದವನು ಬಚ್ಚಿಡದೆ ಇನ್ನೇನು ಮಾಡಿಯಾನು?

ಹದಿಹರೆಯದ ದೇಹವೂ ಈ ಹೊತ್ತಿನಲ್ಲಿ ಅವನಿಗೆ ನೆರವಾಗುವುದಿಲ್ಲ. ಬೆಳವಣಿಗೆಯ ಹಾರ್ಮೋನು ಉಕ್ಕುವ ವಯಸ್ಸಿನಲ್ಲಿ ಇನ್ಸುಲಿನ್ ಮೊದಲಿನಷ್ಟು ಕೆಲಸ ಮಾಡದು. ದಿನಕ್ಕೆ ದೇಹತೂಕದ ಕಿಲೊಗೆ ಒಂದು ಯೂನಿಟ್ಟಿಗಿಂತ ಕಡಿಮೆಯಲ್ಲಿ ನಡೆಯುತ್ತಿದ್ದ ಹುಡುಗನಿಗೆ ಒಂದೂವರೆ ಯೂನಿಟ್ಟಿನವರೆಗೂ ಬೇಕಾಗಬಹುದು. ಬೆಳಗಿನ ಜಾವ ಹಾರ್ಮೋನುಗಳ ಏರಿಕೆಯಿಂದಾಗಿ ಏನೂ ತಿನ್ನದಿದ್ದರೂ ಸಕ್ಕರೆ ಏರುತ್ತದೆ. ಹುಡುಗಿಯರಲ್ಲಿ ಮುಟ್ಟಿನ ಹಿಂದಿನ ದಿನಗಳಲ್ಲಿ ಏರುಪೇರಾಗುವುದುಂಟು. ಹೀಗಿರುವಾಗ ಬೆಳಗಿನ 290ಕ್ಕೆ ‘ಏನ್ ತಿಂದಿ?’ ಎನ್ನುವುದು ಎಷ್ಟೋ ಸಲ ಉತ್ತರವೇ ಇಲ್ಲದ ಪ್ರಶ್ನೆ.

ಈ ವಿಷಯದಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಅಂಕಿ ಒಂದಿದೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಜನರ ಮೇಲೆ ಡಿಸಿಸಿಟಿ ಎಂಬ ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಇನ್ಸುಲಿನ್ ಇಲ್ಲವೇ ಪಂಪು, ಆಗಾಗ ಪರೀಕ್ಷೆ. ಇನ್ನೊಂದಕ್ಕೆ ಆ ಕಾಲದ ವಾಡಿಕೆಯ ಚಿಕಿತ್ಸೆ. ಬಿಗಿಯಾದ ಆರೈಕೆ ಪಡೆದವರಲ್ಲಿ ಕಣ್ಣಿನ ಹಾನಿ ಹೊಸದಾಗಿ ಶುರುವಾಗುವ ಸಾಧ್ಯತೆ ಶೇಕಡ 76ರಷ್ಟು ತಗ್ಗಿತು. ಇದು ಎಲ್ಲ ಪುಸ್ತಕಗಳಲ್ಲೂ ಇರುವ ಅಂಕಿ. ನಾನು ಹೇಳಹೊರಟದ್ದು ಬೇರೆಯದು. ಆ ಪ್ರಯೋಗದಲ್ಲಿ 13ರಿಂದ 17 ವಯಸ್ಸಿನ 195 ಜನರಿದ್ದರು. ತಿಂಗಳು ತಿಂಗಳು ಭೇಟಿ, ನರ್ಸು, ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ಎಲ್ಲ ಇದ್ದೂ ಬಿಗಿ ಆರೈಕೆಯ ಹದಿಹರೆಯದವರ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8ರ ಆಸುಪಾಸಿನಲ್ಲೇ ನಿಂತಿತು. ದೊಡ್ಡವರು 7ರ ಹತ್ತಿರ ತಲುಪಿದ್ದರು. ಅಷ್ಟೆಲ್ಲ ಕಾವಲಿನಲ್ಲೂ ಹದಿಹರೆಯದವರಿಗೆ 7 ಮುಟ್ಟಲಾಗಲಿಲ್ಲ. ಆದರೂ ಅವರ ಕಣ್ಣು, ಮೂತ್ರಪಿಂಡಗಳು ಮತ್ತೊಂದು ಗುಂಪಿನ ಹದಿಹರೆಯದವರಿಗಿಂತ ಚೆನ್ನಾಗಿ ಉಳಿದವು. 10ರಿಂದ 8ಕ್ಕೆ ಇಳಿದ ಹುಡುಗನಿಗೆ ‘ಇನ್ನೂ 7 ಆಗಿಲ್ಲ’ ಎಂದು ಗದರುವವರು ಈ ಫಲಿತಾಂಶವನ್ನು ಓದಬೇಕು. ಅಂಥ ಇಳಿಕೆಯ ಫಲ ಕೆಲವು ವರ್ಷಗಳ ಮೇಲೂ ಉಳಿದಿತ್ತೆಂದು ಅದೇ ಜನರನ್ನು 1994ರಿಂದ ಹಿಂಬಾಲಿಸಿದ ಅಧ್ಯಯನ ತೋರಿಸಿದೆ.

ರೂಢಿಯೊಂದು ಹೇಗೆ ಬೇರೂರುತ್ತದೆ ಎಂಬುದಕ್ಕೆ ಬರೋಣ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಮತ್ತೆ ಮತ್ತೆ ಮಾಡಿದ ಕೆಲಸಗಳನ್ನು ಒಂದು ಸರಣಿಯಾಗಿ ಕಟ್ಟಿಡುತ್ತದೆ. ಮೊದಲಿಗೆ ಯೋಚಿಸಿ ಮಾಡಿದ್ದು ಆಮೇಲೆ ಸೂಚನೆ ಸಿಕ್ಕೊಡನೆ ತಾನಾಗಿ ನಡೆಯುತ್ತದೆ. ನಮ್ಮ ಹುಡುಗನ ಮಟ್ಟಿಗೆ ಊಟದ ಗಂಟೆ ಸೂಚನೆ, ಸೂಜಿ ತಪ್ಪಿಸುವುದು ಕೆಲಸ, ಯಾರ ಕಣ್ಣಿಗೂ ಬೀಳಲಿಲ್ಲ ಎಂಬ ನಿರಾಳ ಅದಕ್ಕೆ ಸಿಗುವ ಫಲ. ಫಲ ಆ ಕ್ಷಣವೇ ಸಿಗುತ್ತದೆ, ನಷ್ಟ ಸಂಜೆಗೆ, ದೊಡ್ಡ ನಷ್ಟ ಹತ್ತು ಹದಿನೈದು ವರ್ಷಕ್ಕೆ. ಮುಂದಿನದನ್ನು ತೂಗಿ ನೋಡುವ ಹಣೆಯ ಹಿಂದಿನ ಮಿದುಳು ಇಪ್ಪತ್ತೈದರ ಹತ್ತಿರದವರೆಗೆ ಬಲಿಯುತ್ತಲೇ ಇರುತ್ತದೆ. ‘ಮುಂದ ಕಣ್ಣ ಹೋಗ್ತಾವು’ ಎಂದು ಹೆದರಿಸುವುದರಿಂದ ಹದಿನೇಳರ ಹುಡುಗನ ಮಧ್ಯಾಹ್ನ ಬದಲಾಗದಿರುವುದಕ್ಕೆ ಇದೂ ಕಾರಣ. ಹೆದರಿಕೆ ಅವನನ್ನು ಇನ್ನಷ್ಟು ಬಚ್ಚಿಡುವಂತೆ ಮಾಡುತ್ತದೆ, ಅಷ್ಟೆ.

ಹಳೆಯ ರೂಢಿಯ ಜಾಗದಲ್ಲಿ ಹೊಸದನ್ನು ಕೂರಿಸುವ ಬಗ್ಗೆ ಎರಡು ಸಂಶೋಧನೆಗಳು ಬಳಕೆಗೆ ಬರುವಂಥವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹಿಂಬಾಲಿಸಿದರು. ಒಂದು ಹೊಸ ಕೆಲಸ ತಾನಾಗಿ ನಡೆಯುವಂತಾಗಲು ನಡುಮಟ್ಟದವರಿಗೆ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಕುಸಿಯಲಿಲ್ಲ. ನಿನ್ನೆ ಡೋಸು ತಪ್ಪಿಸಿದ ಹುಡುಗನಿಗೆ ಹೇಳಬೇಕಾದದ್ದು ಇದನ್ನೇ: ಹೋದದ್ದು ಒಂದು ದಿನ, ಉಳಿದದ್ದೆಲ್ಲ ಹಾಗೇ ಇದೆ. ಎರಡನೆಯದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1990ರ ದಶಕದಲ್ಲಿ ಬೆಳೆಸಿದ ವಿಚಾರ. ‘ಇನ್ಮ್ಯಾಲೆ ಚಲೋತ್ನಂಗ ಇರ್ತೀನಿ’ ಎನ್ನುವ ಸಂಕಲ್ಪಕ್ಕಿಂತ ‘ಹಿಂಗಾದ್ರ ಹಿಂಗ ಮಾಡ್ತೀನಿ’ ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಮೊದಲೇ ಗೊತ್ತು ಮಾಡಿಕೊಂಡದ್ದು ಹೆಚ್ಚು ನಡೆಯುತ್ತದೆ.

ಬನಹಟ್ಟಿಯ ಹುಡುಗನಿಗೆ ಇದನ್ನು ಹೊಂದಿಸಿ ನೋಡಿ. ಬದಲಿಸಬೇಕಾದದ್ದು ಮೊದಲಿಗೆ ಒಂದೇ, ಮಧ್ಯಾಹ್ನದ ಡೋಸು. ಇನ್ಸುಲಿನ್ ಪೆನ್ನು ಬ್ಯಾಗಿನ ಒಳಜೇಬಿನಲ್ಲಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಬುತ್ತಿಗಂಟಿನೊಳಗೆ, ರೊಟ್ಟಿಯ ಬಟ್ಟೆಯ ಮೇಲೆ ಇಟ್ಟರೆ ಅದನ್ನು ಎತ್ತಿಡದೆ ರೊಟ್ಟಿಗೆ ಕೈ ಹೋಗದು. (ಡಬ್ಬಿ ಬಿಸಿಯಿದ್ದರೆ ಪೆನ್ನು ತಾಗದಂತೆ ನಡುವೆ ಒಂದು ದಪ್ಪ ಬಟ್ಟೆ ಇರಲಿ.) ‘ಗಂಟು ಬಿಚ್ಚಿದ ಕೂಡಲೆ ಸೂಜಿ, ಆಮ್ಯಾಲೆ ರೊಟ್ಟಿ.’ ಇಷ್ಟೇ ಅವನ ಸೂತ್ರ. ನಾಚಿಕೆಯ ಮಾತು ಉಳಿಯಿತು. ಅದಕ್ಕೆ ಒಬ್ಬ ಗೆಳೆಯನಿಗೆ ಹೇಳುವುದೇ ಮದ್ದು. ಹತ್ತು ಜನರಿಗೆ ಹೇಳಬೇಕಾಗಿಲ್ಲ, ಪಕ್ಕದಲ್ಲಿ ಕೂತು ಉಣ್ಣುವ ಒಬ್ಬನಿಗೆ ಗೊತ್ತಿದ್ದರೆ ಆ ಜಾಗವೇ ಸುರಕ್ಷಿತ ಅನಿಸುತ್ತದೆ. 4 ಮಿಲಿಮೀಟರಿನ ಸೂಜಿ ಹೊಟ್ಟೆಯ ಚರ್ಮಕ್ಕೆ ಇಳಿದು ಹತ್ತು ಎಣಿಸುವುದರಲ್ಲಿ ಕೆಲಸ ಮುಗಿದಿರುತ್ತದೆ.

ಇನ್ನು ಚುಚ್ಚುವ ಜಾಗ. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಚುಚ್ಚಿಕೊಂಡರೆ ಆ ಜಾಗದ ಕೊಬ್ಬು ಇನ್ಸುಲಿನ್ನಿನ ಪ್ರಭಾವಕ್ಕೇ ಬೆಳೆದು ಮೆತ್ತನೆಯ ಗಂಟಾಗುತ್ತದೆ. ಕನ್ನಡಿಯಲ್ಲಿ ಕಾಣದಿದ್ದರೂ ಬೆರಳ ತುದಿಯನ್ನು ಮೆಲ್ಲಗೆ ಸರಿಸುತ್ತ ಹೋದರೆ ಸುತ್ತಲಿನ ಚರ್ಮಕ್ಕಿಂತ ದಪ್ಪಗೆ, ರಬ್ಬರಿನಂತೆ ಕೈಗೆ ಸಿಗುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಇನ್ನೊಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಅದೇ ಡೋಸು, ಅದೇ ಊಟ, ಸಕ್ಕರೆ ಮಾತ್ರ ಇವತ್ತು 300 ನಾಳೆ 60. ಹುಡುಗನ ಮೇಲೆ ಸುಳ್ಳಿನ ಆರೋಪ ಬರುವುದು ಇಂಥ ದಿನಗಳಲ್ಲಿಯೇ. ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಒಂದು ಬೆರಳಗಲ ಬಿಟ್ಟು, ಹೊಟ್ಟೆ, ತೊಡೆ ಎಂದು ಸುತ್ತು ಹಾಕುತ್ತ ಹೋದರೆ ಗಂಟು ತಿಂಗಳುಗಳಲ್ಲಿ ಕರಗುತ್ತದೆ. ಒಳ್ಳೆಯ ಜಾಗಕ್ಕೆ ಬದಲಿಸಿದಾಗ ಅದೇ ಡೋಸು ಜೋರಾಗಿ ಕೆಲಸ ಮಾಡುವುದರಿಂದ ವೈದ್ಯರನ್ನು ಕೇಳಿ ಡೋಸು ಇಳಿಸಿಕೊಳ್ಳಬೇಕು. ಸೀಸೆಯಿಂದ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ನಮ್ಮಲ್ಲಿ 40 ಯೂನಿಟ್ಟಿನ ಸೀಸೆಗಳೂ ಇವೆ, 100ರವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

ಊಟಕ್ಕೆ ಬಂದರೆ, ಉತ್ತರ ಕರ್ನಾಟಕದ ತಾಟು ಟೈಪ್ 1 ಇರುವವರಿಗೆ ಒಳ್ಳೆಯದೇ. ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಬದಲಿಸಬೇಕಾದದ್ದು ಏನು ತಿನ್ನುತ್ತೇವೆ ಎಂಬುದಕ್ಕಿಂತ ಎಷ್ಟು ತಿಂದೆವೆಂದು ತಿಳಿಯದಿರುವುದನ್ನು. ನಗರದ ಪುಸ್ತಕಗಳಲ್ಲಿ ಬರುವ ಬ್ರೆಡ್ಡು, ಪಾಸ್ತಾಗಳ ಪಟ್ಟಿಯಿಂದ ಬೀಳಗಿಯ ತಾಯಿಗೆ ಉಪಯೋಗವಿಲ್ಲ. ಅವಳು ಒಂದು ದಿನ ಒಂದು ಕಿಲೊ ಹಿಟ್ಟು ತೂಗಿಕೊಂಡು ರೊಟ್ಟಿ ಬಡಿಯಲಿ. ಇಪ್ಪತ್ತು ರೊಟ್ಟಿ ಬಂದರೆ ಒಂದಕ್ಕೆ 50 ಗ್ರಾಂ ಹಿಟ್ಟು. ಜೋಳದ ಹಿಟ್ಟಿನ ನೂರು ಗ್ರಾಂನಲ್ಲಿ ಸುಮಾರು 70 ಗ್ರಾಂ ಶರ್ಕರ, ಹಾಗಾಗಿ ಅವಳ ಕೈಯ ಒಂದು ರೊಟ್ಟಿಯಲ್ಲಿ 35 ಗ್ರಾಂ. ಇಪ್ಪತ್ತೈದು ಬಂದರೆ 28. ಕೈ ಅಳತೆ ಬದಲಾಗುವುದಿಲ್ಲ, ಒಮ್ಮೆ ಲೆಕ್ಕ ಹಾಕಿದರೆ ವರ್ಷವಿಡೀ ಬಂತು. ಈ ಅಂಕಿಯನ್ನು ವೈದ್ಯರಿಗೆ ಕೊಟ್ಟರೆ ಎಷ್ಟು ಗ್ರಾಂಗೆ ಒಂದು ಯೂನಿಟ್ ಎಂದು ಅವರು ಗೊತ್ತುಮಾಡಿ ಕೊಡುತ್ತಾರೆ.

ಚಾದ ಲೆಕ್ಕ ಮಾತ್ರ ಕಠಿಣ. ನಮ್ಮ ಅಂಗಡಿಗಳಲ್ಲಿ ಚಾ ಕುದಿಯುವುದೇ ಸಕ್ಕರೆಯೊಂದಿಗೆ, ಕಿಟ್ಲಿಯಲ್ಲಿ ಬರುವಾಗಲೇ ಸಿಹಿಯಾಗಿರುತ್ತದೆ. ಎರಡು ಚಮಚೆಗೆ ಹತ್ತು ಗ್ರಾಂ ಎಂದರೂ ದಿನಕ್ಕೆ ಐದು ಸಲ ಕುಡಿದರೆ 50 ಗ್ರಾಂ, ಅದಕ್ಕೆ ಇನ್ಸುಲಿನ್ ಇಲ್ಲ. ‘ಒಲ್ಲೆ’ ಎಂದರೆ ಗೆಳೆಯರ ನಡುವೆ ಬೇರೆಯಾಗಿ ನಿಂತಂತೆ ಎಂಬ ಅಳುಕು ನಿಜವಾದದ್ದು, ಅದನ್ನು ಹಗುರವಾಗಿ ನೋಡಬಾರದು. ದಿನಾ ಹೋಗುವ ಅಂಗಡಿಯಾದರೆ ‘ಅಣ್ಣಾರ, ಸಕ್ರಿ ಹಾಕೂಕಿಂತ ಮೊದ್ಲ ನಂದೊಂದು ಕಪ್ ತಗೀರಿ’ ಎಂದು ಹೇಳಿಟ್ಟರೆ ಒಂದು ವಾರದಲ್ಲಿ ಅದು ಅವರಿಗೇ ರೂಢಿಯಾಗುತ್ತದೆ. ಬೆಲ್ಲದ ಚಾ ಕುಡಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಅದೇ ಸುಕ್ರೋಸು. ರಕ್ತಕ್ಕೆ ಅವೆರಡರ ನಡುವೆ ಭೇದವಿಲ್ಲ.

ಸಕ್ಕರೆ ಇಳಿದಾಗ ಬೆಲ್ಲವೂ ಕಬ್ಬೂ ಔಷಧವಾಗುತ್ತವೆ. 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ ಶುರುವಾದರೆ 15 ಗ್ರಾಂ ಸಕ್ಕರೆ ಬಾಯಿಗೆ ಹಾಕಿಕೊಂಡು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕಲಸಿದರೆ ಆಯಿತು, ಇಲ್ಲವೇ ಅರ್ಧ ಗ್ಲಾಸು ಕಬ್ಬಿನ ಹಾಲು. ಶೇಂಗಾ ಉಂಡಿ ಈ ಹೊತ್ತಿಗೆ ಸಲ್ಲದು. ಶೇಂಗಾದ ಎಣ್ಣೆ ಜಠರದಿಂದ ಆಹಾರ ಕೆಳಗಿಳಿಯುವುದನ್ನು ತಡಮಾಡುತ್ತದೆ. ಹುಡುಗನ ನಡುಕ ನಿಲ್ಲುವುದೇ ಇಲ್ಲ, ಅವನು ಇನ್ನೊಂದು, ಮತ್ತೊಂದು ಎಂದು ತಿನ್ನುತ್ತಾನೆ, ಬೆಳಗಾಗುವಾಗ ಎಲ್ಲವೂ ಒಟ್ಟಿಗೆ ರಕ್ತಕ್ಕೆ ಬಂದು 290 ಆಗುತ್ತದೆ. ಅವನ ದಿಂಬಿನ ಪಕ್ಕ ಅಳೆದ ಸಕ್ಕರೆಯ ಮೂರು ಪೊಟ್ಟಣಗಳಿದ್ದರೆ ಅಡುಗೆಮನೆಗೆ ಕತ್ತಲಲ್ಲಿ ಹೋಗುವ ಪ್ರಮೇಯವೇ ಬರದು.

ಸೈಕಲ್ಲಿಗೆ ಹೆಸರಾದ ಈ ಬಾಗಲಕೋಟೆ ಜಿಲ್ಲೆಯಲ್ಲಿ ‘ನಿನಗ ಸಕ್ರಿ ಬ್ಯಾನಿ ಐತಿ, ಆಡಬ್ಯಾಡ’ ಎಂದು ಮಕ್ಕಳನ್ನು ಕೂರಿಸುವುದು ನೋಡಿದರೆ ನೋವಾಗುತ್ತದೆ. ಫಿಲ್ ಸದರ್ಲೆಂಡ್ 2005ರಲ್ಲಿ ಅಮೆರಿಕದಲ್ಲಿ ಕಟ್ಟಿದ ‘ಟೀಮ್ ಟೈಪ್ 1’ ಮುಂದೆ, ಸವಾರರೆಲ್ಲರೂ ಮಧುಮೇಹಿಗಳೇ ಆದ ವೃತ್ತಿಪರ ಸೈಕಲ್ ತಂಡವಾಯಿತು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆ ಹೀರಿಕೊಳ್ಳುತ್ತದೆ, ಆ ಹಸಿವು ಆಟ ಮುಗಿದ ಮೇಲೂ ಒಂದು ದಿನದವರೆಗೆ ಉಳಿಯಬಹುದು. ಸಂಜೆ ಗರಡಿಯಲ್ಲಿ ಬೆವರು ಸುರಿಸಿದವನಿಗೆ ರಾತ್ರಿ ಎರಡಕ್ಕೆ ಸಕ್ಕರೆ ಇಳಿಯುವುದು ಹೀಗೆ. ಆಡಿದ ದಿನ ಮಲಗುವ ಮುನ್ನ ಒಮ್ಮೆ ಪರೀಕ್ಷಿಸುವುದು ಅವನ ಆಟದ ಭಾಗವೇ ಆಗಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಫ್ರಿಜ್ ಇಲ್ಲದ ನೇಕಾರರ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುವುದು? ಒಂದು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು, ಅದರೊಳಗೆ ಒಂದು ಸಣ್ಣ ಕುಡಿಕೆ, ಮೇಲೆ ಒದ್ದೆ ಬಟ್ಟೆ. ನೀರು ಆರುತ್ತ ಒಳಗಿನ ಬಿಸಿ ಹೊರಗೆಳೆಯುತ್ತದೆ. ಜಿನೀವಾ ವಿಶ್ವವಿದ್ಯಾಲಯವೂ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ತಾಪದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಶಕ್ತಿ ಕಳೆದುಕೊಂಡಿರಲಿಲ್ಲ. ಕಿಟಕಿಯ ಬಿಸಿಲು, ಬೈಕಿನ ಡಿಕ್ಕಿ ಮಾತ್ರ ಸಲ್ಲವು.

ಹುಡುಗಿಯರ ಕತೆ ಇನ್ನೂ ಕಷ್ಟದ್ದು. ಬೀಳಗಿಯಲ್ಲಿರಲಿ, ಮುಧೋಳದಲ್ಲಿರಲಿ, ‘ಹೊರಗ ಹೇಳಬ್ಯಾಡ, ನಾಳೆ ಗಂಡಿನವ್ರು ಏನಂದಾರು’ ಎಂಬ ಮಾತು ಹನ್ನೆರಡರ ಹುಡುಗಿಯ ಕಿವಿಗೂ ಬೀಳುತ್ತದೆ. ಆಗ ಅವಳು ಮದುವೆ ಮನೆಯಲ್ಲಿ, ಹಬ್ಬದಲ್ಲಿ, ಅತ್ತೆಯ ಊರಿಗೆ ಹೋದಾಗ ಸೂಜಿ ಬಿಡುತ್ತಾಳೆ. ತೂಕ ಇಳಿಯಲೆಂದು ಬೇಕೆಂತಲೇ ಇನ್ಸುಲಿನ್ ಕಡಿಮೆ ಮಾಡಿಕೊಳ್ಳುವ ಹದಿಹರೆಯದವರೂ ಜಗತ್ತಿನ ಎಲ್ಲೆಡೆ ಇದ್ದಾರೆ. ಇದು ತೀರ ಅಪಾಯದ ರೂಢಿ, ಇದಕ್ಕೆ ಗದರಿಕೆ ಕೆಲಸ ಮಾಡದು, ಮನೋವೈದ್ಯರ ನೆರವು ಬೇಕು. ಸರಿಯಾಗಿ ಇನ್ಸುಲಿನ್ ತೆಗೆದುಕೊಂಡು ಸಕ್ಕರೆ ಹತೋಟಿಯಲ್ಲಿಟ್ಟುಕೊಂಡ ಹೆಣ್ಣುಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಮುಚ್ಚಿಟ್ಟು ಮದುವೆ ಮಾಡಿದರೆ ಆ ಮನೆಯಲ್ಲಿ ಅವಳ ಸೂಜಿಗೆ ಜಾಗವೆಲ್ಲಿ? ಹೇಳಿಯೇ ಮಾಡಬೇಕು. ಹೇಳಿದ್ದಕ್ಕೆ ಬಿಟ್ಟುಹೋಗುವ ಸಂಬಂಧ ಬಿಟ್ಟುಹೋಗಲಿ.

ಮನೆಯವರು ಬದಲಿಸಬೇಕಾದ ರೂಢಿ ಒಂದಿದೆ, ಪ್ರಶ್ನೆ ಕೇಳುವ ರೀತಿ. ಮೀಟರಿನ ಅಂಕಿ ಪರೀಕ್ಷೆಯ ಮಾರ್ಕಲ್ಲ. ‘ಏನ್ ತಿಂದಿ?’ ಬದಲು ‘ಈಗೇನ್ ಮಾಡೂಣು, ತಮ್ಮಾ?’ ಎಂದು ಕೇಳಿದರೆ 340 ಎಂಬ ನಿಜವಾದ ಅಂಕಿ ನೋಟುಬುಕ್ಕಿಗೆ ಬರುತ್ತದೆ. ನಿಜವಾದ 340ರಿಂದ ವೈದ್ಯರು ಡೋಸು ತಿದ್ದಬಲ್ಲರು, ಸುಳ್ಳು 130ರಿಂದ ಏನೂ ಮಾಡಲಾರರು. ಪಂಚಮಿಗೆ ಎಲ್ಲರ ಜೊತೆ ಕೂತು, ಲೆಕ್ಕ ಹಾಕಿ, ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಂಡು ಒಂದು ಉಂಡಿ ತಿಂದ ಹುಡುಗ ರಾತ್ರಿ ಕದ್ದು ನಾಲ್ಕು ತಿನ್ನುವುದಿಲ್ಲ.

ಶಾಲೆ ಕಾಲೇಜುಗಳಿಗೂ ಇದರಲ್ಲಿ ಪಾಲಿದೆ. ಟೈಪ್ 1 ಇರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಲು ಸಿಬಿಎಸ್‌ಇ 2017ರಲ್ಲಿ ಅನುಮತಿ ಕೊಟ್ಟಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಇಂಥ ಮಕ್ಕಳಿಗೆ ಶಾಲೆಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಬಿಡಬೇಕೆಂದು ಹೇಳಿತು. ಆ ಮಾತನ್ನು ಹಿಡಿದು ತಂದೆತಾಯಿ ಹೆಡ್‌ಮಾಸ್ತರರನ್ನು, ಪ್ರಿನ್ಸಿಪಾಲರನ್ನು ಕಾಣಬಹುದು. ಕಾಯಿಲೆಯ ಸೂಕ್ಷ್ಮಗಳಿಗೆ ಮೂರು ತಿಂಗಳಿಗೊಮ್ಮೆ ಬಾಗಲಕೋಟೆ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕಾದೀತು. ದಿನದಿನದ ಕಾವಲು ಮಾತ್ರ ಊರಿನಲ್ಲೇ, ಪಕ್ಕದ ಬೆಂಚಿನಲ್ಲೇ ಇರಬೇಕು.

ಆ ಪಕ್ಕದ ಬೆಂಚಿನ ಗೆಳೆಯನಿಗೆ ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ. ನಾನು ಒಮ್ಮೆಲೇ ಬೆವೆತು ತೊದಲಿದರೆ, ಕಾರಣವಿಲ್ಲದೆ ಸಿಟ್ಟು ಮಾಡಿದರೆ, ನನ್ನ ಬ್ಯಾಗಿನ ಹೊರಜೇಬಿನ ಸಕ್ಕರೆ ತೆಗೆದು ಬಾಯಿಗೆ ಹಾಕು, ಸುಧಾರಿಸಿದ ಮೇಲೆ ಏನಾದರೂ ತಿನ್ನಿಸು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಉಸಿರಿಗೆ ಸಿಕ್ಕಿಬಿಡುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡು, ಟೈಪ್ 1 ಮಧುಮೇಹ, ಇನ್ಸುಲಿನ್ ತಗೊಳ್ತಾನ ಎಂದು ಹೇಳು. ನನ್ನ ಮನೆಯ ನಂಬರು ನಿನ್ನ ಮೊಬೈಲಿನಲ್ಲಿರಲಿ. ಇಷ್ಟನ್ನೂ ಹೇಳಿ ಮುಗಿಸಲು ಎರಡು ಪೀರಿಯಡ್ಡುಗಳ ನಡುವಿನ ಬಿಡುವು ಸಾಕಾಗುತ್ತದೆ, ಅದನ್ನು ಈ ವಾರವೇ ಮಾಡಬಹುದು.